ಕೇರಿಗೊಂದು ಮನ್ನಣೆ

ಬೆಳಿಗ್ಗೆ ಎಂಟರ ಹೊತ್ತಿಗೆ ಅಹಮದಾಬಾದಿನ ಕಾಲೂಪುರ ಸ್ವಾಮಿನಾರಾಯಣ ಮಂದಿರದಿಂದ ಒಂದು ಗುಂಪು ಹೊರಡುತ್ತದೆ. ಕೈಯಲ್ಲಿ ನೀರಿನ ಬಾಟಲಿ, ಕೊರಳಲ್ಲಿ ಕ್ಯಾಮೆರಾ. ದಾರಿ ತೋರಿಸುವವರು ಮುಂದೆ, ಉಳಿದವರು ಹಿಂದೆ. ಸಂದುಗೊಂದಿಗಳಲ್ಲಿ ಎರಡು ಎರಡೂವರೆ ಗಂಟೆ ಸುತ್ತಿ ಜಾಮಾ ಮಸೀದಿಯ ಹತ್ತಿರ ನಡಿಗೆ ಮುಗಿಯುತ್ತದೆ. 1822ರ ಮಂದಿರದಿಂದ 1424ರ ಮಸೀದಿಯವರೆಗಿನ ಈ ದಾರಿಯಲ್ಲಿ ಟಿಕೆಟ್ ಕೊಂಡು ನೋಡುವ ಅರಮನೆ ಒಂದೂ ಇಲ್ಲ. ಸಿಗುವುದೆಲ್ಲ ಜನ ಸಂಸಾರ ಮಾಡಿಕೊಂಡಿರುವ ಮನೆಗಳು. ಜಗಲಿಯ ಮೇಲೆ ಪೇಪರ್ ಹರಡಿಕೊಂಡ ಅಜ್ಜ, ಒಳಗಿನಿಂದ ಕುಕ್ಕರಿನ ಕೂಗು, ತಲೆಯೆತ್ತಿದರೆ ಕೆತ್ತನೆಯ ಮರದ ಬೋದಿಗೆ, ಆ ಬೋದಿಗೆಗೆ ಸುತ್ತಿಕೊಂಡ ಕೇಬಲ್ ವೈರು.

ಈ ನಡಿಗೆ ಶುರುವಾದದ್ದು 1997ರ ನವೆಂಬರ್ 19ರಂದು. ಇದೇ ಮನೆಗಳಿಂದ ತುಂಬಿದ ಹಳೆಯ ಊರನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2017ರ ಜುಲೈ 8ರಂದು, ಪೋಲೆಂಡಿನ ಕ್ರಾಕೋವ್‌ನಲ್ಲಿ ನಡೆದ ಸಭೆಯಲ್ಲಿ. ಇಡೀ ನಗರವೆಂಬ ಲೆಕ್ಕದಲ್ಲಿ ಆ ಮನ್ನಣೆ ಪಡೆದ ಭಾರತದ ಮೊದಲ ಊರು ಅಹಮದಾಬಾದ್. ಎರಡು ದಿನಾಂಕಗಳ ನಡುವೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ. ಮನ್ನಣೆ ಬಂದ ದಿನದ ಪಟಾಕಿ, ಭಾಷಣಗಳಿಗಿಂತ ಈ ಇಪ್ಪತ್ತು ವರ್ಷಗಳಲ್ಲಿ ಏನೇನು ನಡೆಯಿತು ಎಂಬುದು ಮುಖ್ಯ. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಮೈಸೂರಿನ ಅಗ್ರಹಾರಗಳಲ್ಲೋ ಹಳೆಯ ಮನೆಯೊಂದು ನೆಲಸಮವಾದಾಗ ಸಂಕಟಪಡುವ ಕನ್ನಡಿಗರಿಗಂತೂ ಅದು ತಿಳಿದಿರಲೇಬೇಕು.

ಮೊದಲು ಆ ಮನೆಗಳನ್ನೇ ನೋಡೋಣ. ಸುಲ್ತಾನ ಒಂದನೆಯ ಅಹ್ಮದ್ ಷಾ 1411ರಲ್ಲಿ ಸಾಬರಮತಿಯ ಪೂರ್ವ ದಂಡೆಯಲ್ಲಿ ಕಟ್ಟಿಸಿದ ಊರು ಇದು. ಗೋಡೆಯೊಳಗಿನ ಈ ಊರು ನೂರಾರು 'ಪೋಳ್'ಗಳಾಗಿ ಹಂಚಿಹೋಗಿದೆ. ಪೋಳ್ ಎಂದರೆ ಒಂದು ಕೇರಿ. ಅದರ ಬಾಯಿಗೆ ಹೆಬ್ಬಾಗಿಲು. ಒಳಗೆ ಒಂದೇ ಜಾತಿಯ, ಒಂದೇ ಕಸುಬಿನ, ಇಲ್ಲವೇ ಒಂದೇ ಮತದ ಕುಟುಂಬಗಳ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿರುತ್ತವೆ. ರಾತ್ರಿ ಹೆಬ್ಬಾಗಿಲು ಮುಚ್ಚಿದರೆ ಕೇರಿಯೇ ಒಂದು ಮನೆ. ದಂಗೆ, ಲೂಟಿಗಳ ಕಾಲದಲ್ಲಿ ತಪ್ಪಿಸಿಕೊಂಡು ಪಕ್ಕದ ಪೋಳಿಗೆ ದಾಟಲು ಗುಟ್ಟಿನ ಬಾಗಿಲುಗಳೂ ಇದ್ದವು. ಸಾಮಾನ್ಯ ಕಿಂಡಿಯಂತೆ ಕಾಣುವ ಅಂಥ ಬಾಗಿಲುಗಳನ್ನು ಇವತ್ತಿಗೂ ನಡಿಗೆಯವರಿಗೆ ತೋರಿಸುತ್ತಾರೆ.

ಪೋಳಿನ ನಡುವೆ ಕಂಬದ ಮೇಲೊಂದು ಕೆತ್ತನೆಯ ಗೂಡು. ಅದು ಚಬೂತರೊ, ಹಕ್ಕಿಗಳಿಗೆ ಕಾಳು ಹಾಕುವ ಜಾಗ. ಮನೆಗಳನ್ನು ಕಟ್ಟಲು ಹೊಲ ಗದ್ದೆಗಳ ಮರ ಕಡಿದದ್ದಕ್ಕೆ ಹಕ್ಕಿಗಳಿಗೆ ಕೊಟ್ಟ ಪರಿಹಾರ ಇದು ಎಂದು ಅಲ್ಲಿಯವರು ಹೇಳುವುದುಂಟು. ಮನೆಯ ಮುಂದೆ ಓಟಲೊ, ಅಂದರೆ ನಮ್ಮ ಜಗಲಿ. ಒಳಗೆ ಆಕಾಶಕ್ಕೆ ತೆರೆದ ಚೌಕ, ಅಂದರೆ ನಮ್ಮ ತೊಟ್ಟಿ. ತೊಟ್ಟಿಮನೆಯಲ್ಲಿ ಬೆಳೆದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಬೆಳಕು, ಗಾಳಿ, ಮಳೆ ಮೂರೂ ಅಲ್ಲಿಂದಲೇ ಒಳಗೆ ಬರಬೇಕು. ಅಹಮದಾಬಾದಿನವರು ಇದಕ್ಕೆ ಇನ್ನೊಂದನ್ನು ಸೇರಿಸಿದ್ದಾರೆ. ಚೌಕದ ಕೆಳಗೆ ಟಾಂಕಾ ಎಂಬ ನೆಲಮಾಳಿಗೆಯ ನೀರಿನ ತೊಟ್ಟಿ. ಮಾಳಿಗೆಯ ಮೇಲೆ ಬಿದ್ದ ಮಳೆನೀರು ಕೊಳವೆಯಲ್ಲಿಳಿದು ಅಲ್ಲಿ ತುಂಬುತ್ತದೆ. ಬಿಸಿಲು ಸೋಕದ ಕತ್ತಲೆಯಲ್ಲಿ ಕೆಡದೆ ಉಳಿಯುವ ಆ ನೀರನ್ನು ವರ್ಷವಿಡೀ ಕುಡಿಯಲು ಬಳಸುತ್ತಿದ್ದರು. ಮಳೆನೀರು ಸಂಗ್ರಹ ಕಡ್ಡಾಯ ಎಂದು ಬೆಂಗಳೂರು ಈಗ ಹೇಳುತ್ತಿರುವುದನ್ನು ಪೋಳಿನ ಮನೆಗಳು ನೂರಾರು ವರ್ಷಗಳಿಂದ ಮಾಡಿಕೊಂಡು ಬಂದಿವೆ.

ಗೋಡೆಗಳಲ್ಲೂ ಒಂದು ಜಾಣ್ಮೆ ಇದೆ. ಬರೀ ಇಟ್ಟಿಗೆಯ ಗೋಡೆಯಲ್ಲ. ನಡುನಡುವೆ ಮರದ ತೊಲೆಗಳನ್ನು ಅಡ್ಡಕ್ಕೆ ಹಾಯಿಸಿ ಬಿಗಿದ ಕಟ್ಟು. 2001ರ ಜನವರಿ 26ರಂದು ಗುಜರಾತಿನಲ್ಲಿ ಭೂಮಿ ನಡುಗಿದಾಗ ಅಹಮದಾಬಾದಿನಲ್ಲಿ ಕುಸಿದು ಜನರನ್ನು ಬಲಿ ತೆಗೆದುಕೊಂಡದ್ದು ಮುಖ್ಯವಾಗಿ ಆಗಷ್ಟೇ ಎದ್ದಿದ್ದ ಕಾಂಕ್ರೀಟಿನ ಬಹುಮಹಡಿ ಕಟ್ಟಡಗಳು. ಮರದ ಕಟ್ಟಿನ ಹಳೆಯ ಮನೆಗಳು ಬಿರುಕು ಬಿಟ್ಟರೂ ಬಹುಮಟ್ಟಿಗೆ ನಿಂತವು. ಹಳೆಯದೆಲ್ಲ ಶಿಥಿಲ, ಹೊಸದೆಲ್ಲ ಭದ್ರ ಎಂದುಕೊಂಡವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಇದ್ದರೂ 1990ರ ದಶಕದ ಹೊತ್ತಿಗೆ ಪೋಳ್‌ಗಳು ಸೊರಗಿಹೋಗಿದ್ದವು. ಅನುಕೂಲಸ್ಥರು ನದಿಯಾಚೆಯ ಪಶ್ಚಿಮ ದಂಡೆಗೆ ಹೋಗಿ ಬಂಗಲೆ ಕಟ್ಟಿಕೊಂಡಿದ್ದರು. 1969ರಲ್ಲಿ, ಮತ್ತೆ 1985ರಲ್ಲಿ ನಡೆದ ಕೋಮುಗಲಭೆಗಳು ಉಳಿದವರ ಧೈರ್ಯವನ್ನೂ ಉಡುಗಿಸಿದವು. ಖಾಲಿಯಾದ ಮನೆಗಳಿಗೆ ಬಟ್ಟೆ, ಪಾತ್ರೆ, ರಾಸಾಯನಿಕಗಳ ಗೋದಾಮುಗಳು ಬಂದವು. ಮಾಲೀಕರು ಬಾಡಿಗೆಗೆ ಕೊಟ್ಟ ಕಡೆ ಬಾಡಿಗೆ ಏರಲಿಲ್ಲ, ಬಾಡಿಗೆ ಏರದ ಕಡೆ ರಿಪೇರಿ ಆಗಲಿಲ್ಲ. ಕೆತ್ತಿದ ಬಾಗಿಲು, ಕಂಬಗಳು ಹಳೆ ಸಾಮಾನಿನ ವ್ಯಾಪಾರಿಗಳ ಪಾಲಾಗಿ ದೂರದ ಊರುಗಳ ಹೋಟೆಲು, ಬಂಗಲೆಗಳನ್ನು ಸೇರಿದವು.

ಆ ಹೊತ್ತಿಗೆ ಇವನ್ನು ಕಾಯುವ ಕಾನೂನು ಇರಲಿಲ್ಲವೇ? ಇತ್ತು, ಆದರೆ ಅದು ಸ್ಮಾರಕಗಳ ಕಾನೂನು. 1958ರ ಕೇಂದ್ರ ಕಾಯ್ದೆಯ ಪ್ರಕಾರ ಪುರಾತತ್ವ ಇಲಾಖೆ ಮಸೀದಿ, ಗುಮ್ಮಟ, ದೇವಸ್ಥಾನ, ಬಾವಿಗಳನ್ನು ರಕ್ಷಿತ ಸ್ಮಾರಕವೆಂದು ಘೋಷಿಸಬಹುದು. ಅವುಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂಬುದನ್ನು ಮುಂದೆ 2010ರ ತಿದ್ದುಪಡಿ ಕಾಯ್ದೆಯೊಳಗೇ ಸೇರಿಸಿತು. ಗೋಡೆಯೊಳಗಿನ ಅಹಮದಾಬಾದಿನಲ್ಲೇ ಅಂಥ 28 ಸ್ಮಾರಕಗಳಿವೆ. ಬಾಗಿಲಿಗೆ ಬೀಗ ಹಾಕಿ, ಸುತ್ತ ಬೇಲಿ ಹಾಕಿ, ಕಾವಲುಗಾರನನ್ನಿಟ್ಟರೆ ಸ್ಮಾರಕ ಉಳಿಯುತ್ತದೆ. ಜನ ಅಡುಗೆ ಮಾಡುವ, ಮಗ ಮದುವೆಯಾದಾಗ ಇನ್ನೊಂದು ಕೋಣೆ ಏರಿಸಬೇಕಾದ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ಮನೆಗೆ ಆ ಬೇಲಿ ಹೊಂದುವುದಿಲ್ಲ. ಅದೂ ಅಲ್ಲದೆ ಇಂಥ ಕೇರಿಗಳಲ್ಲಿ ಒಂದೊಂದೇ ಮನೆಯನ್ನು ಎತ್ತಿ ನೋಡಿದರೆ ಅದು ಮಹಾ ಶಿಲ್ಪವೇನೂ ಆಗಿರುವುದಿಲ್ಲ. ಐವತ್ತು ಮನೆಗಳ ಸಾಲು, ಒಂದೇ ಎತ್ತರದ ಮಾಡು, ಜಗಲಿಗೆ ಜಗಲಿ ಸೇರಿದ ಬೀದಿ, ಇವು ಒಟ್ಟಾದಾಗ ಹುಟ್ಟುವುದೇ ಅದರ ಚೆಲುವು. ನಡುವಿನ ನಾಲ್ಕು ಮನೆ ಕೆಡವಿ ಗಾಜಿನ ಕಟ್ಟಡ ಎಬ್ಬಿಸಿದರೆ ಉಳಿದ ನಲವತ್ತಾರೂ ಅರ್ಥ ಕಳೆದುಕೊಳ್ಳುತ್ತವೆ.

ಕಟ್ಟಡವನ್ನು ಬಿಟ್ಟು ಪ್ರದೇಶವನ್ನೇ ರಕ್ಷಿಸಬೇಕೆಂಬ ಯೋಚನೆ ಕಾನೂನಿನ ರೂಪ ಪಡೆದದ್ದು ಅಮೆರಿಕದಲ್ಲಿ, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಎಂಬ ಬಂದರು ಪಟ್ಟಣದಲ್ಲಿ. ಅಲ್ಲಿ ಕಾರುಗಳು ಹೆಚ್ಚಿದಂತೆ ಹಳೆಯ ಮನೆಗಳನ್ನು ಕೆಡವಿ ಪೆಟ್ರೋಲ್ ಬಂಕ್ ಹಾಕುವುದು ಶುರುವಾಯಿತು. ಸೂಸನ್ ಪ್ರಿಂಗಲ್ ಫ್ರಾಸ್ಟ್ ಎಂಬ ಮಹಿಳೆ 1920ರಲ್ಲಿ ಊರಿನವರನ್ನು ಸೇರಿಸಿ ಹಳೆಯ ವಾಸದ ಮನೆಗಳ ರಕ್ಷಣೆಗೆಂದೇ ಒಂದು ಸಂಘ ಕಟ್ಟಿದರು. 1931ರಲ್ಲಿ ನಗರಾಡಳಿತ ಊರಿನ ಹಳೆಯ ಭಾಗದ ಸುತ್ತ ಗೆರೆ ಎಳೆದು, ಆ ಗೆರೆಯೊಳಗೆ ಮನೆಯ ಹೊರರೂಪ ಬದಲಿಸಬೇಕಾದರೆ ಒಂದು ಮಂಡಳಿಯ ಒಪ್ಪಿಗೆ ಬೇಕು ಎಂಬ ನಿಯಮ ತಂದಿತು. ಆ ದೇಶದಲ್ಲಿ ಅಂಥ ಮೊದಲ ನಿಯಮ ಅದೇ. ಇಂಗ್ಲೆಂಡಿನಲ್ಲಿ 1967ರ ಕಾಯ್ದೆಯಡಿ ಮೊದಲ ಸಂರಕ್ಷಣಾ ಪ್ರದೇಶವೆನಿಸಿದ್ದು ಸ್ಟ್ಯಾಮ್‌ಫರ್ಡ್ ಪಟ್ಟಣ.

ಅಮೆರಿಕದ ವ್ಯವಸ್ಥೆಯಲ್ಲಿ ಒಂದು ಸೂಕ್ಷ್ಮವಿದೆ, ನಮ್ಮಲ್ಲಿ ಅದು ಎಷ್ಟೋ ಸಲ ಕಲಸಿಹೋಗುತ್ತದೆ. ಅಲ್ಲಿ ಮನ್ನಣೆ ಎರಡು ಬಗೆ. 1966ರ ರಾಷ್ಟ್ರೀಯ ಕಾಯ್ದೆಯ ಪಟ್ಟಿಗೆ ಸೇರುವುದು ಒಂದು. ಅದು ಗೌರವ, ಖಾಸಗಿ ಮಾಲೀಕ ತನ್ನ ದುಡ್ಡಿನಲ್ಲಿ ತನ್ನ ಮನೆ ಕೆಡವಿದರೆ ಆ ಪಟ್ಟಿ ತಡೆಯುವುದಿಲ್ಲ. ಇನ್ನೊಂದು, ಚಾರ್ಲ್ಸ್‌ಟನ್ ಮಾದರಿಯ ಸ್ಥಳೀಯ ನಿಯಮ. ಹಲ್ಲಿರುವುದು ಅದಕ್ಕೆ. 1980ರಲ್ಲಿ ಬಂದ ತಿದ್ದುಪಡಿಯೊಂದು ಇನ್ನೂ ಗಮನಾರ್ಹ. ಪ್ರದೇಶದೊಳಗಿನ ಖಾಸಗಿ ಮಾಲೀಕರಲ್ಲಿ ಬಹುಮತದವರು ಬೇಡವೆಂದರೆ ಆ ಪ್ರದೇಶವನ್ನು ರಾಷ್ಟ್ರೀಯ ಪಟ್ಟಿಗೆ ಸೇರಿಸುವಂತಿಲ್ಲ. ಅಂದರೆ ಗೌರವ ಕೊಡುವುದಕ್ಕೂ ಮನೆಯವರನ್ನು ಕೇಳಬೇಕು.

ಅಹಮದಾಬಾದ್ ಕೆಲಸ ಶುರು ಮಾಡಿದ್ದೂ ಮನೆಯವರಿಂದಲೇ. 1996ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ ತನ್ನೊಳಗೇ ಒಂದು ಹೆರಿಟೇಜ್ ಸೆಲ್ ತೆರೆಯಿತು. ರಸ್ತೆ, ಕಸ, ಚರಂಡಿ ನೋಡಿಕೊಳ್ಳುವ ಪಾಲಿಕೆ ಪರಂಪರೆಗೂ ಒಂದು ವಿಭಾಗ ಮಾಡಿದ್ದು ಆಗ ದೇಶಕ್ಕೇ ಹೊಸದು. ದೇಬಾಶಿಷ್ ನಾಯಕ್ ಎಂಬ ವಾಸ್ತುಶಿಲ್ಪಿ ಇದರ ಬೆನ್ನಿಗೆ ನಿಂತರು. ಮರುವರ್ಷ ನಡಿಗೆ ಶುರುವಾಯಿತು. ಮನೆ ರಿಪೇರಿಗೆ ಸರ್ಕಾರಿ ವಸತಿ ಹಣಕಾಸು ಸಂಸ್ಥೆ ಹುಡ್ಕೊದ ಸಾಲದ ದಾರಿ ತೆರೆಯಿತು. ಪೋಳ್‌ಗಳ ಅಧ್ಯಯನಕ್ಕೆ ಫ್ರೆಂಚ್ ಸರ್ಕಾರದ ನೆರವು ಬಂತು.

ಆ ದಿನಗಳ ಕೆಲಸವೊಂದನ್ನು ಲಾಂಬೇಶ್ವರ ಪೋಳಿನಲ್ಲಿ ಇವತ್ತೂ ಕಾಣಬಹುದು. ಗುಜರಾತಿ ಕವಿ ದಲಪತರಾಮ್ ಬಾಳಿದ ಮನೆ ಅಲ್ಲಿತ್ತು. ಮನೆ ಉಳಿದಿರಲಿಲ್ಲ. ಪಾಲಿಕೆ ಆ ಮನೆಯ ಮುಖಭಾಗವನ್ನು ಮಾತ್ರ ಮತ್ತೆ ಕಟ್ಟಿಸಿ, ಅದರ ಜಗಲಿಯ ಮೇಲೆ ಕವಿಯ ಲೋಹದ ಪ್ರತಿಮೆಯನ್ನು ಕೂರಿಸಿತು. ಎತ್ತರದ ಪೀಠವಿಲ್ಲ, ಸುತ್ತ ಕಂಬಿಯಿಲ್ಲ. ಕವಿ ತನ್ನ ಮನೆಯ ಮುಂದೆ ಕೂತ ಹಾಗೆ ಕೂತಿದ್ದಾರೆ. ಕೇರಿಯ ಮಕ್ಕಳು ಪಕ್ಕದಲ್ಲಿ ಕೂರುತ್ತಾರೆ. ಕಳೆದುಹೋದದ್ದನ್ನು ಒಂದು ಊರು ಹೇಗೆ ಒಪ್ಪಿಕೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಡಿಗೆಯಿಂದ ಆದ ಲಾಭ ಟಿಕೆಟ್ಟಿನ ಹಣವಲ್ಲ. ಹೊರಗಿನವರು ನಿಂತು ತಮ್ಮ ಮನೆಯ ಬೋದಿಗೆಯ ಫೋಟೊ ತೆಗೆಯುವುದನ್ನು ದಿನವೂ ನೋಡಿದ ಮನೆಯವರಿಗೆ, ಇದು ಕೆಡವಬೇಕಾದ ಹಳೆ ಮನೆಯಲ್ಲ, ಇಟ್ಟುಕೊಳ್ಳಬೇಕಾದದ್ದು ಎಂಬ ಅನಿಸಿಕೆ ಮೊದಲ ಬಾರಿ ಹುಟ್ಟಿತು. ಮುಂದಿನ ಎಲ್ಲ ಕಾಗದಪತ್ರಗಳ ಕೆಲಸಕ್ಕೆ ಅದೇ ಬುನಾದಿಯಾಯಿತು.

ಕಾಗದಪತ್ರವೂ ಕಡಿಮೆಯದಲ್ಲ. ಒಂದು ಪ್ರದೇಶಕ್ಕೆ ಪಾರಂಪರಿಕ ಮನ್ನಣೆ ಪಡೆಯಬೇಕಾದರೆ ಮೊದಲು ಮನೆಮನೆಯ ಸರ್ವೆ ಆಗಬೇಕು. ಯಾವ ಕಾಲದ ಮನೆ, ಯಾವ ಸಾಮಗ್ರಿ, ಏನು ಬದಲಾಗಿದೆ, ಏನು ಉಳಿದಿದೆ, ಯಾರ ಹೆಸರಿನಲ್ಲಿದೆ, ಯಾರು ವಾಸವಿದ್ದಾರೆ. ಆಮೇಲೆ ಗೆರೆ ಎಳೆಯಬೇಕು. ಇದು ಅತ್ಯಂತ ತಕರಾರಿನ ಕೆಲಸ, ಏಕೆಂದರೆ ಗೆರೆಯೊಳಗೆ ಬಿದ್ದ ಮನೆಗೂ ಎದುರು ಸಾಲಿನಲ್ಲಿ ಗೆರೆಯಾಚೆ ಉಳಿದ ಮನೆಗೂ ನಾಳೆಯಿಂದ ಬೇರೆ ಬೇರೆ ಕಾನೂನು, ಬೇರೆ ಬೇರೆ ಬೆಲೆ. ಅಹಮದಾಬಾದಿನಲ್ಲಿ ಒಳಗೆರೆಯ ವಿಸ್ತೀರ್ಣ ಸುಮಾರು 535 ಹೆಕ್ಟೇರ್. ಅದರ ಹೊರಗೆ ಸುಮಾರು 395 ಹೆಕ್ಟೇರಿನ ರಕ್ಷಣಾ ಪಟ್ಟಿ. ಗೆರೆಯೊಳಗಿನ ಕಟ್ಟಡಗಳಿಗೆ ಶ್ರೇಣಿ ಕೊಡಬೇಕು: ಇದನ್ನು ಮುಟ್ಟುವಂತಿಲ್ಲ, ಇದರ ಮುಖಭಾಗ ಬಿಟ್ಟು ಒಳಗೆ ಬದಲಿಸಿಕೊಳ್ಳಬಹುದು, ಇದನ್ನು ಎತ್ತರದ ಮಿತಿಯೊಳಗೆ ಮತ್ತೆ ಕಟ್ಟಬಹುದು. ಅಲ್ಲಿ ಹೀಗೆ ಪಾಲಿಕೆಯ ರಕ್ಷಣೆಗೆ ಬಂದ ಕಟ್ಟಡಗಳು ಸುಮಾರು 2,700. ಹೆಚ್ಚಿನವು ಖಾಸಗಿ ಮನೆಗಳು. ವಿಶ್ವ ಪರಂಪರೆಯ ಅರ್ಜಿಯ ಭಾರೀ ಕಡತವನ್ನು ಸಿದ್ಧಪಡಿಸುವಲ್ಲಿ ಅಹಮದಾಬಾದಿನದೇ ಸೆಪ್ಟ್ ವಿಶ್ವವಿದ್ಯಾಲಯದ ಸಂರಕ್ಷಣಾ ವಿಭಾಗ, ಪ್ರೊ. ರವೀಂದ್ರ ವಸಾವಡಾ ಅವರ ಮುಂದಾಳ್ತನದಲ್ಲಿ ದುಡಿಯಿತು.

ಇಷ್ಟಾದ ಮೇಲೂ ಮನೆಯವನ ಮುಖ್ಯ ಪ್ರಶ್ನೆ ಉಳಿದೇ ಇರುತ್ತದೆ. ‘ನನ್ನ ಪಕ್ಕದ ಬಡಾವಣೆಯವನು ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆ ತಿನ್ನುತ್ತಾನೆ. ಊರಿನ ಚೆಂದಕ್ಕಾಗಿ ನಾನೊಬ್ಬನೇ ಯಾಕೆ ನಷ್ಟ ಮಾಡಿಕೊಳ್ಳಬೇಕು?’ ಈ ಪ್ರಶ್ನೆಯಲ್ಲಿ ದುರಾಸೆಯಿಲ್ಲ, ನ್ಯಾಯವಿದೆ. ಉತ್ತರ ಕೊಡದ ಯಾವ ಪಾರಂಪರಿಕ ನಿಯಮವೂ ಬಹಳ ದಿನ ಬಾಳುವುದಿಲ್ಲ.

ಅಹಮದಾಬಾದ್ ಕಂಡುಕೊಂಡ ಉತ್ತರ ಟಿಡಿಆರ್. ರಸ್ತೆ ಅಗಲೀಕರಣದ ಗಲಾಟೆಗಳಿಂದಾಗಿ ಬೆಂಗಳೂರಿನವರಿಗೆ ಈ ಮೂರಕ್ಷರ ಗೊತ್ತು. ಬೆಂಗಳೂರಿನಲ್ಲಿ ಎಫ್‌ಎಆರ್ ಎನ್ನುವುದನ್ನು ಗುಜರಾತಿನಲ್ಲಿ ಎಫ್‌ಎಸ್‌ಐ ಎನ್ನುತ್ತಾರೆ: ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ. 2,000 ಚದರಡಿಯ ಸೈಟಿನಲ್ಲಿ ಎರಡು ಪಟ್ಟು, ಅಂದರೆ 4,000 ಚದರಡಿ ಕಟ್ಟಲು ಅವಕಾಶವಿದೆ ಎಂದುಕೊಳ್ಳಿ. ಅಲ್ಲಿರುವ ಹಳೆಯ ಮನೆ 2,500 ಚದರಡಿಯದು. ಉಳಿದ 1,500 ಚದರಡಿ ಕಟ್ಟುವ ಹಕ್ಕನ್ನು ಮಾಲೀಕ ಬಳಸುವಂತಿಲ್ಲ, ಬಳಸಿದರೆ ಮನೆಯೇ ಉಳಿಯದು. ಟಿಡಿಆರ್ ವ್ಯವಸ್ಥೆಯಲ್ಲಿ ಆ ಬಳಸದ ಹಕ್ಕಿಗೆ ಪಾಲಿಕೆ ಒಂದು ಪ್ರಮಾಣಪತ್ರ ಕೊಡುತ್ತದೆ. ಊರಿನ ಇನ್ನೊಂದು ಕಡೆ ಎತ್ತರ ಕಟ್ಟಲು ಹೊರಟ ಬಿಲ್ಡರ್ ಅದನ್ನು ಕೊಳ್ಳುತ್ತಾನೆ. ಬಂದ ಹಣದಲ್ಲಿ ಹಳೆಯ ಮನೆಯ ಮಾಡು, ಮರಗೆಲಸ ದುರಸ್ತಿಯಾಗಬೇಕೆಂಬುದು ಇದರ ಹಿಂದಿನ ಲೆಕ್ಕಾಚಾರ. ಊರು ಬೆಳೆಯುವ ಕಡೆ ಬೆಳೆಯುತ್ತದೆ, ಉಳಿಯಬೇಕಾದ ಕಡೆ ಉಳಿಯುತ್ತದೆ, ಅಜ್ಜನ ಮನೆ ಇಟ್ಟುಕೊಂಡವನ ಕೈಗೆ ನಾಲ್ಕು ಕಾಸೂ ಬರುತ್ತದೆ.

ಹಾಗೆಂದು ಅಲ್ಲಿ ಎಲ್ಲವೂ ಸರಿಹೋಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಕಾಗದ ಸರಿಯಿದ್ದವರಿಗೆ ಮಾತ್ರ ಟಿಡಿಆರ್ ಸಲೀಸು. ಐದು ತಲೆಮಾರಿನ ಮನೆ, ಹದಿನೆಂಟು ಜನ ವಾರಸುದಾರರು, ಅದರಲ್ಲಿ ಇಬ್ಬರು ವಿದೇಶದಲ್ಲಿ, ನೆಲಮಹಡಿಯಲ್ಲಿ ಬಾಡಿಗೆದಾರ ಎಂದರೆ ಯಾರು ಅರ್ಜಿಗೆ ಸಹಿ ಹಾಕುವುದು? ಪಟ್ಟಿಯಲ್ಲಿದ್ದ ಮನೆಗಳನ್ನು ಕದ್ದುಮುಚ್ಚಿ ಕೆಡವಿದ ಸುದ್ದಿ 2017ರ ನಂತರವೂ ಬಂದಿದೆ. ಯುನೆಸ್ಕೊ ಸಮಿತಿ ಮನ್ನಣೆ ಕೊಡುವಾಗಲೇ, ಖಾಸಗಿಯವರ ಮರದ ಮನೆಗಳ ಸಂಪೂರ್ಣ, ಕರಾರುವಾಕ್ಕಾದ ದಾಖಲೆ ಆಗಬೇಕು ಎಂದು ಒತ್ತಿ ಹೇಳಿತ್ತು. ಬಿರುದು ಬಂದ ದಿನವೇ ಬಾಕಿ ಕೆಲಸದ ಪಟ್ಟಿಯೂ ಕೈಗೆ ಬಂದಂತಾಯಿತು.

ಪಟ್ಟಿಯಲ್ಲಿ ಹೆಸರು ಬಂದರೆ ಸಾಲದು ಎಂಬುದನ್ನು ಮುಂಬೈ ಇನ್ನೂ ಕಟುವಾಗಿ ತೋರಿಸಿದೆ. ಅಲ್ಲಿ 1995ರಲ್ಲೇ ಪಾರಂಪರಿಕ ನಿಯಮಗಳು ಬಂದವು; ದೇಶದಲ್ಲಿ ಇಂಥ ನಿಯಮ ತಂದ ಮೊದಲಿಗರಲ್ಲಿ ಮುಂಬೈ ಒಂದು. ಕಟ್ಟಡಗಳ ಜೊತೆಗೆ ಪ್ರದೇಶಗಳನ್ನೂ ಆ ಪಟ್ಟಿ ಗುರುತಿಸಿತು. ಗಿರಗಾಂವ್‌ನ ಖೋತಾಚಿವಾಡಿ ಹಾಗೆ ಗುರುತಾದ ಕೇರಿ. ಈಸ್ಟ್ ಇಂಡಿಯನ್ ಕ್ರೈಸ್ತ ಕುಟುಂಬಗಳ ಮರದ ಮೆಟ್ಟಿಲು, ಬಣ್ಣದ ವರಾಂಡಾಗಳ ಪುಟ್ಟ ಬಂಗಲೆಗಳಿರುವ ಓಣಿ. ಒಂದು ಕಾಲಕ್ಕೆ ಅಲ್ಲಿ 65 ಮನೆಗಳಿದ್ದವು. ಈಗ ಅರ್ಧಕ್ಕಿಂತ ಕಡಿಮೆ. ಪಟ್ಟಿ ಹಾಗೇ ಇದೆ, ಮನೆಗಳು ಕರಗಿವೆ. ಸುತ್ತಲಿನ ಭೂಮಿಯ ಬೆಲೆ ಆಕಾಶಕ್ಕೇರಿದಾಗ, ಮನೆಯವರ ಕೈಗೆ ಏನನ್ನೂ ಕೊಡದ ಪಟ್ಟಿ ಎಷ್ಟು ದಿನ ತಡೆದೀತು?

ಅದೇ ಮುಂಬೈಯ ಇನ್ನೊಂದು ಕಥೆ ಬೇರೆ ದಾರಿ ಹಿಡಿಯಿತು. ಓವಲ್ ಮೈದಾನದ ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯಗಳ ಗಾಥಿಕ್ ಕಟ್ಟಡಗಳು. ಪಶ್ಚಿಮಕ್ಕೆ ಎಂಪ್ರೆಸ್ ಕೋರ್ಟ್, ಕೋರ್ಟ್ ವ್ಯೂ ಮುಂತಾದ 1930ರ ದಶಕದ ಆರ್ಟ್ ಡೆಕೊ ವಸತಿ ಕಟ್ಟಡಗಳು. ದುಂಡು ಮೂಲೆಯ ಬಾಲ್ಕನಿ, ಹಡಗಿನಂಥ ಕಂಬಿ, ಅಲಂಕಾರದ ಲಿಪಿಯಲ್ಲಿ ಬರೆದ ಹೆಸರು. ಈ ಫ್ಲ್ಯಾಟುಗಳ ನಿವಾಸಿಗಳು 1990ರ ದಶಕದಲ್ಲಿ ಮೊದಲು ಕೈಹಾಕಿದ್ದು ಎದುರಿನ ಮೈದಾನವನ್ನು ಉಳಿಸಿಕೊಳ್ಳುವ ಕೆಲಸಕ್ಕೆ. ಹಾಳುಬಿದ್ದಿದ್ದ ಓವಲ್‌ಗಾಗಿ ಹೈಕೋರ್ಟಿನ ಮೆಟ್ಟಿಲೇರಿದರು. ಆ ಹೋರಾಟದಲ್ಲಿ ಒಗ್ಗಿದ ಕೈಗಳೇ ಮುಂದೆ ವಿಶ್ವ ಪರಂಪರೆಯ ಅರ್ಜಿಗೂ ಒದಗಿದವು. ನಿವಾಸಿಗಳ ಸಂಘಗಳು, ನಗರದ ಸಂಸ್ಥೆಗಳು ಒಟ್ಟುಗೂಡಿ, ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಕೈಯಲ್ಲಿ ಕಡತ ಸಿದ್ಧಪಡಿಸಿ ಸರ್ಕಾರದ ಬೆನ್ನು ಹತ್ತಿದವು. 2018ರ ಜೂನ್ 30ರಂದು ಬಹರೇನಿನ ಮನಾಮಾದಲ್ಲಿ 94 ಕಟ್ಟಡಗಳ ಆ ಸಮೂಹ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇಲ್ಲಿ ಅರ್ಜಿ ಹಿಡಿದು ಓಡಾಡಿದವರು ಇಲಾಖೆಯವರಲ್ಲ, ಆ ಮನೆಗಳಲ್ಲಿ ವಾಸವಿದ್ದವರು.

ಹಾಗಿದ್ದರೆ ಮನೆಯವರನ್ನು ಬಿಟ್ಟು ಪರಂಪರೆಯನ್ನು ಕಾಯಲು ಹೊರಟರೆ ಏನಾಗುತ್ತದೆ? ಅದಕ್ಕೆ ಉದಾಹರಣೆ ಹುಡುಕಿಕೊಂಡು ಕರ್ನಾಟಕದ ಆಚೆ ಹೋಗಬೇಕಿಲ್ಲ. ಹಂಪಿ 1986ರಲ್ಲೇ ವಿಶ್ವ ಪರಂಪರೆಯ ತಾಣವಾಯಿತು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. 2002ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಪ್ರಾಧಿಕಾರದ ಕಾಯ್ದೆ ಬಂತು. ಆದರೆ ವಿರೂಪಾಕ್ಷ ದೇವಸ್ಥಾನದ ಮುಂದಿನ ಬೀದಿಯಲ್ಲಿ, ಹಳೆಯ ಕಲ್ಲಿನ ಮಂಟಪಗಳಿಗೆ ಒತ್ತಿ ಗೋಡೆ ಕಟ್ಟಿಕೊಂಡು ಬದುಕು ಮಾಡಿಕೊಂಡಿದ್ದ ಜನ ಏನಾಗಬೇಕು ಎಂಬ ಪ್ರಶ್ನೆ ವರ್ಷಗಟ್ಟಲೆ ಬಗೆಹರಿಯಲಿಲ್ಲ. 2011ರ ಜುಲೈ ಕೊನೆಯಲ್ಲಿ ಬುಲ್ಡೋಜರುಗಳು ಬಂದವು. ಒಂದೇ ದಿನದಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳು ನೆಲಕ್ಕುರುಳಿದವು. ಕಲ್ಲಿನ ಕಂಬಗಳಿಗೆ ಅಂಟಿಕೊಂಡಿದ್ದ ಒತ್ತುವರಿ ಹೋಯಿತು ಎಂಬುದು ನಿಜ. ಜಾತ್ರೆಗೆ ಬಂದವರಿಗೆ ಊಟ ಬಡಿಸುತ್ತಿದ್ದ, ದೇವರ ತೇರಿಗೆ ಹೆಗಲು ಕೊಡುತ್ತಿದ್ದ ಕೇರಿಯೂ ಹೋಯಿತು ಎಂಬುದೂ ಅಷ್ಟೇ ನಿಜ. ಆ ಕೇರಿಯನ್ನು ಕಳೆದುಕೊಂಡದ್ದು ತಪ್ಪು. ಊರಿನವರನ್ನು ಮೊದಲೇ ಕೂರಿಸಿಕೊಂಡು, ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಗೆರೆ ಎಳೆದಿದ್ದರೆ ಬುಲ್ಡೋಜರಿನ ಅಗತ್ಯವೇ ಬೀಳುತ್ತಿರಲಿಲ್ಲ.

ಪ್ರದೇಶ ರಕ್ಷಣೆಯ ಇನ್ನೊಂದು ಅಪಾಯ ಚಾರ್ಲ್ಸ್‌ಟನ್ನಿನಲ್ಲೇ ಕಂಡಿತ್ತು. ಹಳೆಯ ಮನೆಗಳು ಚೆಂದವಾದಂತೆ ಬೆಲೆ ಏರಿ, ಅಲ್ಲಿ ಬಾಡಿಗೆಗಿದ್ದ ಬಡ ಕಪ್ಪು ಕುಟುಂಬಗಳು ಜಾಗ ಖಾಲಿ ಮಾಡಬೇಕಾಯಿತು. ಮನೆ ಉಳಿಸುವ ನಿಯಮ ಬರೆಯುವಾಗಲೇ ಬಾಡಿಗೆದಾರನ ಹೆಸರೂ ಅದರಲ್ಲಿ ಇರಬೇಕು.

ಮಣಿಪಾಲದ ಹೆರಿಟೇಜ್ ವಿಲೇಜಿಗೆ ಹೋದವರಿಗೆ ಮೂರನೆಯ ದಾರಿಯೊಂದು ನೆನಪಾಗಬಹುದು. ಕೆಡವಲು ಸಿದ್ಧವಾಗಿದ್ದ ಗುತ್ತಿನ ಮನೆ, ಅರಮನೆ, ಬಂಗಲೆಗಳನ್ನು ವಿಜಯನಾಥ ಶೆಣೈ ಅವರು ತೊಲೆ ತೊಲೆಯಾಗಿ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಒಬ್ಬ ಮನುಷ್ಯ ತನ್ನ ಆಯುಷ್ಯವನ್ನೇ ತೇಯ್ದು ಮಾಡಿದ ಅಂಥ ಕೆಲಸಕ್ಕೆ ಕೈಮುಗಿಯಬೇಕು. ಆದರೂ ಅಲ್ಲಿ ನಿಂತಾಗ ಒಂದು ಸಂಗತಿ ಕಾಡುತ್ತದೆ. ಮನೆಯನ್ನು ಹೊತ್ತು ತರಬಹುದು, ಅದರ ಪಕ್ಕದ ಮನೆಯನ್ನು, ಎದುರಿನ ಬಾವಿಯನ್ನು, ಬೀದಿಯ ತಿರುವನ್ನು ತರಲಾಗದು.

ಬೆಂಗಳೂರಿಗೆ ಬಂದರೆ, ಇಲ್ಲಿ ಗೆರೆಗಳೇನೋ ಇವೆ. 2007ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಮಾಸ್ಟರ್ ಪ್ಲಾನ್ 2015 ಬಸವನಗುಡಿ, ಮಲ್ಲೇಶ್ವರ, ಪೇಟೆ ಮುಂತಾದವನ್ನು ಪಾರಂಪರಿಕ ವಲಯಗಳೆಂದು ಹೆಸರಿಸಿತು. 2020ರಲ್ಲಿ ವಲಯ ನಿಯಮಗಳಿಗೆ ತಿದ್ದುಪಡಿಯಾಗಿ ಪಾರಂಪರಿಕ ಕಟ್ಟಡಗಳ ಶ್ರೇಣಿ, ಸಮಿತಿಗಳ ಮಾತೂ ಬಂತು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗ್ ಪೇಟೆಯನ್ನು ಕಾಡಿದ ನಂತರ ಭರದಿಂದ ಬೆಳೆದ ಬಡಾವಣೆಗಳು. ಗಾಳಿ ಬೆಳಕಿಗೆಂದು ಬಿಟ್ಟ ಅಗಲ ರಸ್ತೆ, ಹಿತ್ತಿಲ ಹಿಂದೆ ಕನ್ಸರ್ವೆನ್ಸಿ ಓಣಿ, ಕಾಂಪೌಂಡಿನಲ್ಲೊಂದು ಸಂಪಿಗೆಯೋ ತೆಂಗೋ, ಮಂಗಳೂರು ಹೆಂಚು, ಮದ್ರಾಸ್ ತಾರಸಿ, ಕಿಟಕಿಯ ಮೇಲೆ ಮಂಕಿ ಟಾಪ್ ಎಂಬ ಮರದ ಮುಖವಾಡ, ತಲೆಮಾರುಗಳ ಪಾದ ಸವೆಸಿ ಹೊಳಪೇರಿದ ಕೆಂಪು ಗಾರೆಯ ನೆಲ. ಪ್ಲೇಗಿನ ಭಯದಲ್ಲಿ ಕಲಿತ ನಗರ ಯೋಜನೆಯ ಪಾಠಗಳು ಆ ಮನೆಗಳ ಅಳತೆಯಲ್ಲೇ ಅಡಗಿವೆ.

ಆದರೆ ಆ ವಲಯದೊಳಗೆ ವಾಸವಿರುವ ಎಷ್ಟು ಜನರಿಗೆ ತಾವು ಪಾರಂಪರಿಕ ವಲಯದಲ್ಲಿದ್ದೇವೆಂಬುದು ಗೊತ್ತು? ಗೊತ್ತಿದ್ದವರಿಗೆ ಅದರಿಂದ ಏನು ಸಿಕ್ಕಿದೆ? ಅಹಮದಾಬಾದ್ ಕೇರಿಯಿಂದ ಕಾನೂನಿಗೆ, ಕಾನೂನಿನಿಂದ ಬಿರುದಿಗೆ ನಡೆಯಿತು. ಬೆಂಗಳೂರು ನಕ್ಷೆಯ ಮೇಲೆ ಗೆರೆ ಎಳೆದು ಅಲ್ಲೇ ನಿಂತಿದೆ. ಅಪ್ಪ ತೀರಿಕೊಂಡ ವರ್ಷದೊಳಗೆ ಬಿಲ್ಡರ್ ಜಾಯಿಂಟ್ ಡೆವಲಪ್‌ಮೆಂಟಿನ ಕಾಗದ ಹಿಡಿದು ಬರುತ್ತಾನೆ. ಮೂವರು ಮಕ್ಕಳಿಗೆ ಮೂರು ಫ್ಲ್ಯಾಟು, ಮೇಲಿಷ್ಟು ನಗದು. ಪಾಲಿನ ಜಗಳ ಒಂದೇ ಸಹಿಯಲ್ಲಿ ಬಗೆಹರಿಯುತ್ತದೆ. ಎದುರಿಗೆ ಪಾರಂಪರಿಕ ವಲಯದ ಪರವಾಗಿ ಬಂದು ಕೂರುವವರು ಯಾರೂ ಇಲ್ಲ. ತೆರಿಗೆ ರಿಯಾಯಿತಿ ಇಲ್ಲ, ರಿಪೇರಿ ಸಾಲ ಇಲ್ಲ, ಮದ್ರಾಸ್ ತಾರಸಿಯ ಸುಣ್ಣಗಾರೆ ಕೆಲಸ ಬಲ್ಲ ಮೇಸ್ತ್ರಿಯ ವಿಳಾಸ ಕೊಡುವವರೂ ಇಲ್ಲ. ಹೀಗಿರುವಾಗ ಮನೆ ಮಾರಿದ ಮಕ್ಕಳನ್ನು ಬೈಯುವುದು ಅನ್ಯಾಯ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಇಡೀ ಬಸವನಗುಡಿಯಿಂದ ಖಂಡಿತ ಅಲ್ಲ. ಒಂದು ರಸ್ತೆ ಸಾಕು. ಇಪ್ಪತ್ತು ಮೂವತ್ತು ಮನೆ, ಅದರಲ್ಲಿ ಹಳೆಯವು ಹತ್ತೋ ಹನ್ನೆರಡೋ. ಪ್ರತಿ ಮನೆಯ ಮುಂಭಾಗದ ಒಂದು ಫೋಟೊ, ಕಟ್ಟಿದ ವರ್ಷ, ಕಟ್ಟಿಸಿದವರ ಹೆಸರು, ಏನೇನು ಬದಲಾಗಿದೆ ಎಂಬ ನಾಲ್ಕು ಸಾಲು. ಪರಂಪರೆಯ ರಕ್ಷಣೆಗೆಂದೇ ಇರುವ ಇನ್‌ಟ್ಯಾಕ್‌ನಂಥ ಸಂಸ್ಥೆಯ ಸ್ಥಳೀಯ ಘಟಕ, ಹತ್ತಿರದ ವಾಸ್ತುಶಿಲ್ಪ ಕಾಲೇಜಿನ ವಿದ್ಯಾರ್ಥಿಗಳು ಇಂಥ ದಾಖಲೆಗೆ ಕೈಜೋಡಿಸಬಲ್ಲರು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಆ ರಸ್ತೆಯಲ್ಲಿ ಒಂದು ನಡಿಗೆ. ರಸ್ತೆಯ ಬಹುಪಾಲು ಮನೆಯವರು ಸಹಿ ಹಾಕಿದ ಮನವಿ ನಗರದ ಯೋಜನಾ ಪ್ರಾಧಿಕಾರದ ಮುಂದೆ ಹೋದಾಗ, ಕೇಳಬೇಕಾದ್ದು ಫಲಕವನ್ನಲ್ಲ. ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ದುರಸ್ತಿಗೆ ಕಡಿಮೆ ಬಡ್ಡಿಯ ಸಾಲ, ಬಳಸದ ಎಫ್‌ಎಆರ್‌ಗೆ ಟಿಡಿಆರ್, ಒಳಗೆ ಲಿಫ್ಟು, ಬಚ್ಚಲು ಹಾಕಿಕೊಳ್ಳಲು ತಿಂಗಳೊಳಗೆ ಅನುಮತಿ ಇವುಗಳನ್ನು ಕೇಳಬೇಕು. ಜನಪ್ರತಿನಿಧಿಗಳು ವೋಟು ಕೇಳಲು ಬಂದಾಗಲೂ ಇದೇ ಪಟ್ಟಿಯನ್ನು ಅವರ ಮುಂದಿಡಬೇಕು.

ಹಳೆಯ ಮನೆಯಲ್ಲಿ ಇನ್ನೂ ವಾಸವಿರುವ ಓದುಗರಲ್ಲಿ ಒಂದು ಕೋರಿಕೆ. ಈ ಭಾನುವಾರ ಟ್ರಂಕಿನ ತಳದಲ್ಲಿರುವ ಹಳೆಯ ಪ್ಲಾನು, ಕ್ರಯಪತ್ರ, ಗೃಹಪ್ರವೇಶದ ಫೋಟೊಗಳನ್ನು ಹೊರತೆಗೆದು ಒಂದು ಪ್ರತಿ ಮಾಡಿಡಿ. ಸರ್ವೆಯವರು ಬಂದ ದಿನ ಅವರು ಮೊದಲು ಕೇಳುವುದು ಅದನ್ನೇ.